ವೆಸ್ಟ್ ಮಾಂಬಲಂನಲ್ಲಿ ಚೇಳಾಸುರನ ಕಾರು

ನಂಬಿದರೆ ನಂಬಿ, ಆಯುಧಪೂಜೆಯ ಬೆಳಿಗ್ಗೆ ಚೆನ್ನೈನ ವೆಸ್ಟ್ ಮಾಂಬಲಂನ ಓಣಿಯೊಂದರಲ್ಲಿ ಕಾಮಿಕ್ಸ್ ಖಳನಾಯಕ ಚೇಳಾಸುರನ ಕಾರೇ ಬಂದು ನಿಂತಿತ್ತು. ಅಸಲಿಗೆ ಅದು ಕಿಟ್ಟಣ್ಣನವರ ಹೋಟೆಲಿನ ಹಳೆಯ ವ್ಯಾನು. ಹೃದಯದ ಆಪರೇಷನ್ ಆದಮೇಲೆ ಅವರು ಸ್ಟಿಯರಿಂಗ್ ಮುಟ್ಟಕೂಡದೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಪೂಜೆ ಮುಗಿದೊಡನೆ ಕೀಲಿಕೈಯನ್ನು ಹೊಸ ಡ್ರೈವರನಿಗೆ ಕೊಡಬೇಕು. ಆ ಸಂಕಟಕ್ಕೆ ಕಿಟ್ಟಣ್ಣ ಮಹಡಿಯಿಂದ ಇಳಿದಿರಲಿಲ್ಲ. ಕೆಳಗೆ ಪೂಜೆಗೆ ಬಂದ ಭಟ್ಟರು ಗಡಿಯಾರ ನೋಡುತ್ತಿದ್ದರು.

ಕಿಟ್ಟಣ್ಣನವರ ಅಕ್ಕನ ಮಗ ಮಿಥುನನಿಗೆ ಮಾವನಿಲ್ಲದ ಪೂಜೆ ಬೇಕಿರಲಿಲ್ಲ. ಪ್ರತಿ ಶುಕ್ರವಾರ ಇದೇ ವ್ಯಾನಿನಲ್ಲಿ ಕಾಮಿಕ್ಸ್ ತಂದು, ಚೇಳಾಸುರನ ದನಿಯಲ್ಲಿ ಓದಿ, ಅಪ್ಪನಿಲ್ಲದ ಅವನನ್ನು ನಗಿಸಿ ಬೆಳೆಸಿದವರು ಅವರು. ಅವನ ಮಿಮಿಕ್ರಿಗೂ ಅವರೇ ಗುರು.

ಬಾಳೆಕಂದುಗಳನ್ನು ಚೇಳಿನ ಇಕ್ಕಳದಂತೆ ವ್ಯಾನಿನ ಮುಂದೆ ಕಟ್ಟಿ, ಕಪ್ಪು ಪೈಪನ್ನು ಕೊಂಡಿಯಂತೆ ಮೇಲೆ ಬಗ್ಗಿಸಿ, ಮಿಥುನ್ ಮೈಕು ಹಿಡಿದು ಗುಡುಗಿದ: “ಎಲವೋ ಕಿಟ್ಟಣ್ಣಾ! ನನ್ನ ಕಾರು ಕದ್ದು ಇಡ್ಲಿ ಹೊರಿಸಿದ ದ್ರೋಹಿ! ಇಳಿದು ಬಾ!”

ಕಿಟ್ಟಣ್ಣ ಬಾಲ್ಕನಿಗೆ ಧಾವಿಸಿದರು. ಮುಖ ಕೆಂಪಗಾಗಿತ್ತು. ಭಟ್ಟರು ಮೆಲ್ಲನೆ ಹಿಂದೆ ಸರಿದರು.

“ಎನ್ನಡಾ ಇದು ಮಾರಾಯಾ! ಕೊಂಡಿ ಬಲಕ್ಕೆ ಬಗ್ಗುವುದು ಟಿವಿಯಲ್ಲಿ. ಪುಸ್ತಕದಲ್ಲಿ ಎಡಕ್ಕೆ, ಗೊತ್ತುಂಟಾ?”

“ಮೊಬೈಲ್ ಗೇಮಲ್ಲಿ ಎರಡು ಕೊಂಡಿ, ಮಾವ!”

“ಆ ಗೇಮಿನವರಿಗೆ ಎಂತ ಗೊತ್ತುಂಟು? ತಡಿ, ಬಂದೆ!”

ಇಳಿದು ಬಂದವರೇ ಕೊಂಡಿಯನ್ನು ಎಡಕ್ಕೆ ತಿರುಗಿಸಿದರು. ಮಿಥುನ್ ಅವರ ಕಾಲಿಗೆರಗಿದ. “ಇಷ್ಟು ವರ್ಷ ನಗಿಸಿದ್ದಕ್ಕೆ, ಮಾವ,” ಎಂದ.

ಕಿಟ್ಟಣ್ಣ ಅವನ ತಲೆ ಸವರಿ, ಮಂಗಳಾರತಿಯಾದ ಮೇಲೆ ಕೀಲಿಕೈಯನ್ನು ತಾವೇ ಡ್ರೈವರನ ಕೈಗಿಟ್ಟರು. ಬಳಿಕ ಮೈಕು ಕಿತ್ತುಕೊಂಡು, “ಚೇಳಾಸುರ ನಗುವುದು ಹೀಗೆ ಮಾರಾಯಾ!” ಎಂದು ನಕ್ಕರು. ಓಣಿಗೆ ಓಣಿಯೇ ನಕ್ಕಿತು, ಆದರೆ ಅವರಷ್ಟು ಜೋರಾಗಿ ಯಾರೂ ನಗಲಿಲ್ಲ.