ಪಕ್ಕದ ಶೆಡ್ಡಿನ ಸದ್ದು

ಹಾಗಾದರೆ ಅದು ಓಲಾಡಲೇ ಇಲ್ಲವೆ?

ಪೀಣ್ಯ ಎರಡನೇ ಹಂತದ ದರ್ಶಿನಿಯೊಂದರಲ್ಲಿ ನಿಂತುಕೊಂಡೇ ಇಡ್ಲಿ ತಿನ್ನುತ್ತಿದ್ದ ಭಾನುಪ್ರಕಾಶ ಆ ಈಮೇಲನ್ನು ಮೂರನೆಯ ಸಲ ಓದಿದ. ಜರ್ಮನಿಯ ಸಹೋದ್ಯೋಗಿ ಬಲು ಸಭ್ಯವಾಗಿ ಬರೆದಿದ್ದಳು. ನಿನ್ನ ಎರಡು ಕಪ್ಪುಕುಳಿಗಳು ಒಂದಾದ ಅಲೆ ಬಂದ ಗಳಿಗೆಯಲ್ಲೇ ಅದನ್ನು ಹಿಡಿಯುವ ಡಿಟೆಕ್ಟರಿನಲ್ಲಿ ಬೇರೇನೋ ಸಣ್ಣ ಸದ್ದು ಎದ್ದಿತ್ತು. ಅದನ್ನು ಕಳೆದರೆ ನಿನ್ನ ಓಲಾಟ ಉಳಿಯುವುದಿಲ್ಲ. ಸಂಜೆ ನಾಲ್ಕರ ಮೀಟಿಂಗಿನಲ್ಲಿ ನೀನೇ ಹೇಳಿಬಿಡು, ಇದೆಯೋ ಇಲ್ಲವೋ.

ಮೂರು ವರ್ಷದಿಂದ ಅವನು ಆ ಓಲಾಟವನ್ನು ನಂಬಿಕೊಂಡು ಬದುಕಿದ್ದ. ಸುಸ್ತಾದ ಬುಗುರಿ ತಲೆ ತಿರುಗಿಸುತ್ತದಲ್ಲ, ಹಾಗೆ ಆ ಜೋಡಿ ಓಲಾಡುತ್ತ ಸುತ್ತಿ ಒಂದರೊಳಗೊಂದು ಬಿದ್ದಿದೆ, ಅದಕ್ಕೇ ಅಲ್ಲಿಂದ ಬಂದ ಗುರುತ್ವದ ಅಲೆ ಒಮ್ಮೆ ಉಬ್ಬಿ ಒಮ್ಮೆ ಕುಗ್ಗಿದೆ ಎಂದು ಕಂಡುಹಿಡಿದವನು ಅವನೇ. ಪ್ರಬಂಧದಲ್ಲಿ ಮೊದಲ ಹೆಸರು ಅವನದು. ಪಿಎಚ್‌ಡಿ ಮುಗಿಸಿ, ಎಲ್ಲೂ ಕೆಲಸ ಸಿಗದೆ ಬ್ಲೋವರ್ ಕಾರ್ಖಾನೆ ಸೇರಿದವನಿಗೆ ಆ ಹೆಸರೊಂದೇ ಆಸ್ತಿ. ಅದೂ ಹೋದರೆ ತಾನು ಫ್ಯಾನು ನೋಡುವವನು ಮಾತ್ರ ಎಂದು ಅವನಿಗೆ ನಿಜವಾಗಿ ಭಯವಾಯಿತು.

ಕಾರ್ಖಾನೆಯ ಮಾಲೀಕ ಹನುಮಂತಯ್ಯನವರಿಗೆ ಈ ಭಯವೇನೂ ಇರಲಿಲ್ಲ. ಕಪ್ಪುಕುಳಿಯನ್ನೇ ಅಳೆದವರಿಗೆ ನಮ್ಮ ಬ್ಲೋವರ್ ಯಾವ ಲೆಕ್ಕ ಎಂದು ಬಂದ ಗಿರಾಕಿಗಳಿಗೆಲ್ಲ ಅವನನ್ನು ತೋರಿಸುತ್ತಿದ್ದರು.

ಕೆಲಸ ಸುಲಭದ್ದು. ಬ್ಲೋವರಿನ ಚಕ್ರವನ್ನು ತಿರುಗಿಸಬೇಕು, ಮೀಟರಿನ ಮುಳ್ಳು ಅಲ್ಲಾಡಿದರೆ ಎದುರು ಬದಿಗೆ ಸಣ್ಣ ತೂಕ ಬೆಸೆಯಿಸಬೇಕು. ಮೂರು ತಿಂಗಳಲ್ಲಿ ಅವನು ನೋಡಿದ ನಲವತ್ತು ಚಕ್ರಗಳೂ ಅಲ್ಲಾಡಿದ್ದವು. ಇವತ್ತು ಶೆಡ್ಡಿಗೆ ಬಂದು ನೋಡಿದರೆ ನಲವತ್ತೊಂದನೆಯದೂ ಅಲ್ಲಾಡಿದಾಗ ಅವನಿಗೆ ರೇಗಿತು. ಬೆಸೆಯುವ ಬಸಲಿಂಗ ಕೊಪ್ಪಳದ ಕಡೆಯವನು, ಹತ್ತು ವರ್ಷದಿಂದ ಇಲ್ಲೇ ಇದ್ದವನು.

"ಎಲ್ಲಾ ಅಲ್ಲಾಡ್ತಾವಲ್ಲ ಬಸಲಿಂಗ. ಒಂದಾದ್ರೂ ನೆಟ್ಟಗಿರಬಾರ್ದಾ?"

ಬಸಲಿಂಗ ತಲೆ ಕೆರೆದುಕೊಂಡ. "ಚಕ್ರ ಅಲ್ಲಾಡಂಗಿಲ್ರಿ ಸರ. ಬಾಜೂ ಶೆಡ್ಡಿನ್ಯಾಗ ತಗಡ ಒತ್ತೋ ಪ್ರೆಸ್ ಬಡಿತೈತ್ರಿ, ನೆಲ ಅದರತೈತಿ. ನಾವು ಮೊದಲಿಂದ ಚಾ ಟೈಮಿಗೆ ನೋಡ್ತಿದ್ವಿ, ಅದು ನಿಂತಾಗ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ನೀವು ಮ್ಯಾಲಿಂದು ನೋಡಿದವ್ರು. ಇದ್ರಾಗೂ ಏನರ ಇರಬೇಕಂತ ಸುಮ್ನಿದ್ವಿ."

ನಲವತ್ತು ಚಕ್ರಗಳು ಗೋಡೆಗೆ ಒರಗಿ ನಿಂತಿದ್ದವು, ಒಂದೊಂದರ ಮೈಮೇಲೂ ಅವನ ತೂಕ. ನೆಟ್ಟಗಿದ್ದವನ್ನು ಅವನು ಒಂದೂ ಬಿಡದೆ ಕೆಡಿಸಿದ್ದ. ನಗು ಬಂತು.

ನಾಲ್ಕಕ್ಕೆ ಪ್ರೆಸ್ಸು ನಿಂತಿತು. ಶೆಡ್ಡಿನ ತಗಡಿನ ಮೇಲೆ ಕಾಗೆ ನಡೆಯುವುದೂ ಕೇಳಿಸುವಷ್ಟು ಮೌನ. ಬಸಲಿಂಗ ತೂಕ ಹಾಕದ ನಲವತ್ತೊಂದನೆಯ ಚಕ್ರವನ್ನು ತಿರುಗಿಸಿದ. ಮುಳ್ಳು ಸೊನ್ನೆಯ ಮೇಲೆ ಹಾಯಾಗಿ ಮಲಗಿತ್ತು. ಅತ್ತ ಫೋನಿನಲ್ಲಿ ಮೀಟಿಂಗು ಶುರುವಾಗಿ, ಏನೇನೋ ಚರ್ಚೆ ನಡೆದು, ಹತ್ತು ನಿಮಿಷದ ಮೇಲೆ ಅಧ್ಯಕ್ಷೆ ಭಾನುಪ್ರಕಾಶನ ಹೆಸರು ಕರೆದಳು.

ಅವನು ಫೋನು ಮ್ಯೂಟಿನಲ್ಲೇ ಇಟ್ಟು, ತಿರುಗುತ್ತಿದ್ದ ಚಕ್ರದ ಅಚ್ಚು ಹಿಡಿದ ಬೇರಿಂಗ್ ಡಬ್ಬಿಯ ಮೇಲೆ ಅಂಗೈ ಊರಿದ. ಸಣ್ಣಗೆ, ಸ್ಪಷ್ಟವಾಗಿ ನಡುಕ. ಅವನ ಎದೆ ಹಿಗ್ಗಿತು.

"ಇದೆ ಕಣೋ, ನೋಡು. ಅಲ್ಲಾಡ್ತಿದೆ."

ಬಸಲಿಂಗ ಪಕ್ಕದಲ್ಲಿ ತನ್ನ ಅಂಗೈಯನ್ನೂ ಇಟ್ಟ. ಆಮೇಲೆ ಅವನ ಮಣಿಕಟ್ಟು ಹಿಡಿದು ಮೆಲ್ಲಗೆ ಎತ್ತಿದ. "ನಡುಗಾಕತ್ತಿದ್ದು ನಿಮ್ಮ ಕೈರಿ ಸರ."

ಚಕ್ರ ಆಫ್ ಮಾಡಿ ಬಸಲಿಂಗ ತನ್ನ ಉಳಿದ ಚಹಾ ಕುಡಿಯಲು ಹೋದ. ಅಧ್ಯಕ್ಷೆ ಮತ್ತೆ ಕರೆದಳು. ಭಾನುಪ್ರಕಾಶ ಮ್ಯೂಟ್ ತೆಗೆದು, ಇಡೀ ದಿನದಲ್ಲಿ ಮೊದಲ ಸಲ ಗಟ್ಟಿಯಾಗಿ, ಇಲ್ಲ ಎಂದ. ಸರಿಯಾಗಿ ಆಗಲೇ ಚಹಾ ಹೊತ್ತು ಮುಗಿದು ಪಕ್ಕದ ಪ್ರೆಸ್ಸು ಧಬ್ಬೆಂದಿತು.

ನಿನ್ನ ಕಡೆ ಬಹಳ ಸದ್ದು, ಏನೂ ಕೇಳಿಸಲಿಲ್ಲ ಎಂದಳು ಅಧ್ಯಕ್ಷೆ. ಇದೆ ಅಂದೆಯಾ?

ಅವನು ಮತ್ತೆ ಬಾಯಿ ತೆರೆದ. ಚಕ್ರ ಪೂರ್ತಿ ನಿಂತುಹೋಗಿತ್ತು. ಮೀಟರಿನ ಮುಳ್ಳು ಮಾತ್ರ ಒಂದೊಂದು ಏಟಿಗೂ ಎದ್ದು ಅತ್ತಿತ್ತ ತೂಗುತ್ತಿತ್ತು.