ಗಿಳಿಹಸಿರು ನಿಲುವಂಗಿ

ತಿಮ್ಮೇಶ ಒಂದು ಬೆಲೆ ಹೇಳಿದರೆ ಅದನ್ನು ಎರಡರಿಂದ ಗುಣಿಸಬೇಕು ಅನ್ನುವುದನ್ನು ಶಿವಲಕ್ಷ್ಮಿ ಮದುವೆಯಾದ ಎರಡನೇ ವರ್ಷಕ್ಕೇ ಕಲಿತಿದ್ದಳು. ಹಳೇ ಸಿನಿಮಾ ಪೋಸ್ಟರಿಗೆ ‘ಮುನ್ನೂರು ಕಣೆ’ ಅಂದರೆ ಆರುನೂರು. ಟೆಂಟ್ ಟಾಕೀಸಿನ ಟಿಕೆಟ್ ಡಬ್ಬಕ್ಕೆ ‘ಎರಡು ಸಾವಿರ’ ಅಂದರೆ ನಾಲ್ಕು. ಹಾಗಾಗಿ ಆ ಭಾನುವಾರ ಅವನು ಬೆಂಗಳೂರಿಂದ ಒಂದು ಬಟ್ಟೆಗಂಟನ್ನು ಎದೆಗವಚಿಕೊಂಡು ಬಂದು, ಅವಳ ಮುಖ ನೋಡದೆ, “ಹದಿನೆಂಟು ಸಾವಿರ ಆಯ್ತು” ಅಂದಾಗ ಸಾರು ಕಲಕುತ್ತಿದ್ದ ಸೌಟು ಪಾತ್ರೆಯಲ್ಲೇ ನಿಂತಿತು. ಮೂವತ್ತಾರು ಸಾವಿರ! ಅಯ್ಯೋ ಶಿವನೇ, ಅಷ್ಟು ದುಡ್ಡು ಇವರಿಗೆಲ್ಲಿಂದ ಬಂತು?

ಎಲ್ಲಿಂದ ಬರಬೇಕು? ಚೀಟಿ ಎತ್ತಿದ ದುಡ್ಡು. ವಾಷಿಂಗ್ ಮೆಷಿನ್ನಿಗೆ ಅಂತ ಇಟ್ಟಿದ್ದ ದುಡ್ಡು.

ಈ ವಾಷಿಂಗ್ ಮೆಷಿನ್ನು ಶಿವಲಕ್ಷ್ಮಿಯ ಷೋಕಿ ಅಂತ ಯಾರೂ ತಿಳಿಯಬಾರದು. ರಾಮನಗರದಲ್ಲಿ ವಹಾಬ್ ಸಾಬರ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಅವಳಿಗೆ ಇಪ್ಪತ್ತೆರಡು ವರ್ಷದ ಕೆಲಸ. ಬೆಳಗಿಂದ ಸಂಜೆವರೆಗೆ ಬಿಸಿನೀರಲ್ಲಿ ಕೈ ಇಟ್ಟು ಬೆಂದ ಗೂಡಿನಿಂದ ಎಳೆ ಹುಡುಕಿ ತೆಗೆಯಬೇಕು. ಮನೆಗೆ ಬರುವ ಹೊತ್ತಿಗೆ ಬೆರಳ ತುದಿ ಬೆಳ್ಳಗೆ ಸುಕ್ಕಾಗಿರುತ್ತದೆ, ಸೋಪಿನ ನೀರು ತಾಗಿದರೆ ಜೀವ ಹೋಗುತ್ತದೆ. ಆ ಕೈಗೆ ಒಂದು ಮೆಷಿನ್ನು ಬೇಡವೇ? ಆದರೆ ಅದೇ ಕೈಗೆ ಊರಲ್ಲಿ ಒಂದು ಹೆಸರೂ ಇತ್ತು. ಯಾವ ಬಟ್ಟೆಯನ್ನಾದರೂ ಎರಡು ಬೆರಳ ನಡುವೆ ಹಿಡಿದು ಒಮ್ಮೆ ತೀಡಿದರೆ ಸಾಕು, ಅಸಲಿ ರೇಷ್ಮೆಯೋ ಅಲ್ಲವೋ ಹೇಳಿಬಿಡುತ್ತಿದ್ದಳು. ಮದುವೆ ಸೀರೆ ತಂದವರು ಮೊದಲು ಅವಳಿಗೆ ತೋರಿಸಿ ಆಮೇಲೆ ದೇವರ ಮುಂದೆ ಇಡುತ್ತಿದ್ದರು.

ಇನ್ನು ತಿಮ್ಮೇಶನ ವಿಚಾರ. ಅವನು ಚನ್ನಪಟ್ಟಣದ ಬೊಂಬೆ ಕಾರ್ಖಾನೆಯಲ್ಲಿ ಮರ ಕಡೆಯುವವನು. ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಬೀಡಿ ಕೂಡ ಸೇದುವುದಿಲ್ಲ. “ನಿನ್ನ ಗಂಡ ಬಂಗಾರ ಕಣೇ ಲಕ್ಷ್ಮಿ” ಅಂತ ವಹಾಬ್ ಸಾಬರ ಹೆಂಡತಿ ಫಿರೋಜಮ್ಮ ಹೇಳಿದಾಗಲೆಲ್ಲ ಶಿವಲಕ್ಷ್ಮಿ, “ಬಂಗಾರ ಆಗಿದ್ರೆ ಅಡ ಇಡಬಹುದಿತ್ತು, ಇದನ್ನೇನ್ ಮಾಡ್ಲಿ?” ಅನ್ನುತ್ತಿದ್ದಳು. ಮನೆಯಲ್ಲಿ ಇರುವುದು ಎರಡೂವರೆ ರೂಮು. ಅದರಲ್ಲಿ ಒಂದಿಡೀ ರೂಮು ಸಿನಿಮಾಗೆ. ಪೋಸ್ಟರು, ಹಾಡಿನ ಪುಸ್ತಕ, ತುಕ್ಕು ಹಿಡಿದ ರೀಲಿನ ಡಬ್ಬ, ಇಂಟರ್ವೆಲ್ಲಿನಲ್ಲಿ ತೋರಿಸುತ್ತಿದ್ದ ಗಾಜಿನ ಸ್ಲೈಡು. ನೆಂಟರು ಬಂದರೆ ನಡುಮನೆಯಲ್ಲಿ ಮಲಗಬೇಕು, ಪೋಸ್ಟರುಗಳಿಗೆ ಮಾತ್ರ ಫ್ಯಾನು.

ಆ ಭಾನುವಾರ ಮಧ್ಯಾಹ್ನ ತಿಮ್ಮೇಶ ಕಾರ್ಖಾನೆಯ ಗೆಳೆಯರನ್ನು ಕರೆದಿದ್ದ. ಗಣೇಶ, ಇನ್ನೂ ನಾಲ್ಕು ಜನ. ನಡುಮನೆಯಲ್ಲಿ ಚಾಪೆ ಹಾಸಿ, ಅದರ ಮೇಲೆ ಬಿಳೀ ಪಂಚೆ ಹಾಸಿ, ಗಂಟು ಬಿಚ್ಚಿದ. ಒಳಗಿದ್ದದ್ದು ಒಂದು ನಿಲುವಂಗಿ. ಕುತ್ತಿಗೆಗೆ, ತೋಳಿಗೆ ಜರಿ. ರಾಮನಗರದ ಬಂಡೆಗಳ ಕೆಳಗೆ ಐವತ್ತು ಅರವತ್ತು ವರ್ಷದ ಹಿಂದೆ ತೆಗೆದ ಒಂದು ಕಪ್ಪುಬಿಳುಪು ಚಿತ್ರದಲ್ಲಿ ರಾಜನ ಪಾತ್ರದವನು ಹಾಕಿಕೊಂಡಿದ್ದದ್ದು ಇದೇ ಅಂತೆ.

“ಇದನ್ನ ನಾನು ಇಷ್ಟು ವರ್ಸ ಬೂದು ಬಣ್ಣ ಅಂದ್ಕೊಂಡಿದ್ದೆ ಕಣ್ಲಾ” ಅಂದ ತಿಮ್ಮೇಶ. “ಪಿಕ್ಚರ್‌ನಲ್ಲಿ ಹಂಗೇ ಕಾಣ್ತದಲ್ಲ. ನೋಡಿದ್ರೆ ಗಿಳಿಹಸಿರು! ಆ ರಾಜ ಹಸಿರಂಗಿ ಹಾಕ್ಕಂಡಿದ್ದ ಅಂತ ಈ ಊರಲ್ಲಿ ನಂಗೊಬ್ಬನಿಗೇ ಗೊತ್ತು. ಪ್ಯೂರ್ ರೇಷ್ಮೆ ಬೇರೆ.”

ಅವನು ಆ ಕೊನೆಯ ಮಾತು ಆಡಬಾರದಿತ್ತು. ಬೆಂಗಳೂರಲ್ಲಿ ಅದನ್ನು ಮಾರಿದ ವ್ಯಾಪಾರಿ ಅಕ್ರಮ್ ರೇಷ್ಮೆ ಅಂತ ಹೇಳಿರಲೇ ಇಲ್ಲ. ರಾಮನಗರದವನಲ್ಲವೇ, ರಾಜನ ಬಟ್ಟೆ ಅಂದಮೇಲೆ ರೇಷ್ಮೆಯೇ ಇರಬೇಕು ಅಂತ ತಿಮ್ಮೇಶ ತಾನಾಗಿ ತಿಳಿದುಕೊಂಡಿದ್ದ. ಕಾಫಿ ತಟ್ಟೆ ಹಿಡಿದು ನಿಂತಿದ್ದ ಶಿವಲಕ್ಷ್ಮಿಗೆ ಬೆಳಗಿಂದ ಹೊಟ್ಟೆಯೊಳಗೆ ಕುದಿಯುತ್ತಿದ್ದದ್ದು ಉಕ್ಕಿತು. ತಟ್ಟೆ ಕೆಳಗಿಟ್ಟಳು. ಬಗ್ಗಿ ತೋಳಿನ ಅಂಚನ್ನು ಎರಡು ಬೆರಳಲ್ಲಿ ತೀಡಿದಳು.

“ಇದು ರೇಷ್ಮೆಯಾ? ಯಾರ್ ಹೇಳಿದ್ದು ನಿಮ್ಗೆ?”

“ಲಕ್ಷ್ಮೀ, ಆಮ್ಯಾಕೆ ಮಾತಾಡಾನ.”

“ಆಮ್ಯಾಕ್ಯಾಕೆ, ಈಗ್ಲೇ ನೋಡಿ.” ಎಡತೋಳಿನಿಂದ ಒಂದು ಎಳೆ ಸರ್ರನೆ ಎಳೆದಳು. ಒಲೆಯ ಹತ್ತಿರದ ಬೆಂಕಿಪೊಟ್ಟಣ ತಂದು ಕಡ್ಡಿ ಗೀರಿದಳು. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು, ಮುದುರಿ, ತಾನಾಗಿ ಆರಬೇಕು. ಇದು ಭಗ್ಗನೆ ಉರಿದು ಕಾಗದದ ವಾಸನೆ ಬಿಟ್ಟು ಬೂದಿಯಾಯಿತು. “ಆರ್ಟ್ ಸಿಲ್ಕು, ಬರೀ ನಕಲಿ ರೇಷ್ಮೆ! ಮೀಟರಿಗೆ ನೂರು ರೂಪಾಯಿ ಬಾಳಲ್ಲ. ರೇಷ್ಮೆ ಊರಲ್ಲಿ ಹುಟ್ಟಿ, ರೇಷ್ಮೆ ಬಿಚ್ಚೋಳ್ನ ಕಟ್ಕೊಂಡು, ಮೂವತ್ತಾರು ಸಾವ್ರ ಕೊಟ್ಟು ಟೋಪಿ ಹಾಕಿಸ್ಕೊಂಡು ಬಂದವ್ರಲ್ಲ, ಇವ್ರಿಗೆ ಏನ್ ಹೇಳ್ಬೇಕು?”

ಗಣೇಶ ಮೊದಲು ನಕ್ಕ. ಆಮೇಲೆ ಎಲ್ಲರೂ ನಕ್ಕರು. ತಿಮ್ಮೇಶನೂ ನಗಲು ನೋಡಿದ, ಆಗಲಿಲ್ಲ. ಅಂಗಿಯನ್ನು ನಿಧಾನಕ್ಕೆ ಮಡಿಸಿ ಎತ್ತಿಕೊಂಡು ಹೋದ.

ಶಿವಲಕ್ಷ್ಮಿಗೆ ಒಂದು ಗಳಿಗೆ ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ ಹೇಳಬೇಕು, ನಿಜಕ್ಕೂ ತಣ್ಣಗಾಯಿತು. ಜಗಳಕ್ಕೆ ಬರುತ್ತಾರೆ, ಬರಲಿ, ಇನ್ನೂ ನಾಲ್ಕು ಮಾತು ಇಟ್ಟುಕೊಂಡಿದ್ದೇನೆ ಅಂತ ಕಾದಳು. ಅವನು ಜಗಳಕ್ಕೆ ಬರಲಿಲ್ಲ. ಸೋಮವಾರವೂ ಬರಲಿಲ್ಲ, ಮಂಗಳವಾರವೂ ಬರಲಿಲ್ಲ. ಸಾರಿಗೆ ಉಪ್ಪು ಹಾಕುವುದು ಮರೆತು ಬಡಿಸಿದರೆ ಸುಮ್ಮನೆ ಉಂಡು ಕೈ ತೊಳೆದ. ಆ ರೂಮಿನ ಬಾಗಿಲು ತೆರೆಯಲೇ ಇಲ್ಲ.

ಬುಧವಾರ ಊಟದ ಮುಂದೆ ಕೂತು ಅಂದ: “ಬಿಡದಿ ಹತ್ರ ಒಂದು ಹೊಸ ಹೋಟ್ಲು ಆಗ್ತಾ ಐತೆ. ಗೋಡೆಗೆ ಹಾಕಕ್ಕೆ ಹಳೇ ಸಿನಿಮಾ ಸಾಮಾನು ಬೇಕಂತೆ. ಎಲ್ಲಾ ಒಟ್ಟಿಗೆ ತಗತಾರೆ. ಭಾನುವಾರ ಎರಡು ಗಂಟೆಗೆ ವ್ಯಾನ್ ಬತ್ತದೆ. ನಿನ್ ಮೆಷಿನ್ನೂ ಬತ್ತದೆ, ನಿಂಗೊಂದು ರೂಮೂ ಆಯ್ತದೆ.”

“ನಾನೇನ್ ಮಾರಿ ಅಂದ್ನಾ?”

“ನೀನ್ ಅನ್ಲಿಲ್ಲ. ನಂಗೇ ಕಣ್ಣಿಲ್ಲ ಅಂತ ಗೊತ್ತಾಯ್ತಲ್ಲ. ಇದೊಂದು ಸುಳ್ಳು ಅಂದ್ರೆ, ಉಳಿದಿದ್ರಲ್ಲಿ ಇನ್ನೆಷ್ಟು ಸುಳ್ಳೋ.” ಅನ್ನ ಕಲಸುತ್ತಲೇ ಹೇಳಿದ. “ನಿನ್ ಕೈ ಸರಿ ಐತೆ ಬುಡು.”

ಇಪ್ಪತ್ತನಾಲ್ಕು ವರ್ಷದಿಂದ ಅವಳು ಬೇಡಿದ್ದು ಅದೇ ತಾನೇ? ರೂಮು, ಮೆಷಿನ್ನು, ಬುದ್ಧಿ ಬಂದ ಗಂಡ. ಮೂರೂ ಒಂದೇ ವಾರದಲ್ಲಿ ಸಿಕ್ಕಿದವು. ಆದರೆ ಮಾರನೇ ದಿನ ಬಿಸಿನೀರಲ್ಲಿ ಕೈ ಇಟ್ಟು ಕೂತವಳಿಗೆ ಎಳೆ ಸಿಗಲೇ ಇಲ್ಲ, ಕಣ್ಣು ಮಂಜಾಗುತ್ತಿತ್ತು. “ಹೊಗೆ” ಅಂದಳು. ಫಿರೋಜಮ್ಮನಿಗೆ ಆ ಹೊಗೆ ಯಾವುದು ಅಂತ ಗೊತ್ತಾಗದೆ ಇರುತ್ತದೆಯೇ? ಕೂರಿಸಿಕೊಂಡು ಕೇಳಿದಳು. ಶಿವಲಕ್ಷ್ಮಿ ಎಲ್ಲ ಹೇಳಿ ಅತ್ತಳು.

“ಅಷ್ಟು ಜನರ ಮುಂದೆ ಸುಡಬಾರದಿತ್ತಮ್ಮ” ಅಂದಳು ಫಿರೋಜಮ್ಮ. “ನಿಜ ಆದ್ರೂ ಬಾಗಿಲು ಹಾಕ್ಕೊಂಡು ಹೇಳ್ಬೇಕಿತ್ತು.”

ಆಚೆ ಕೂತು ಕೇಳಿಸಿಕೊಂಡಿದ್ದ ವಹಾಬ್ ಸಾಬರು, ಮಾಗಡಿಯಲ್ಲಿ ಮರಿಯಪ್ಪ ಅಂತ ಒಬ್ಬ ಮುದುಕ ಟೈಲರ್ ಇದ್ದಾನೆ, ಆ ಕಾಲಕ್ಕೆ ಮದ್ರಾಸಿನಲ್ಲಿ ಸಿನಿಮಾದವರಿಗೆ ಬಟ್ಟೆ ಹೊಲಿಯುತ್ತಿದ್ದವನು, ಒಂದು ಸಲ ತೋರಿಸು ಅಂದರು.

ಭಾನುವಾರ ಬೆಳಿಗ್ಗೆ ತಿಮ್ಮೇಶ ಸ್ನಾನಕ್ಕೆ ಹೋದಾಗ ಶಿವಲಕ್ಷ್ಮಿ ಬೀರುವಿನ ಮೇಲೆ ತುರುಕಿದ್ದ ನಿಲುವಂಗಿಯನ್ನು ಚೀಲಕ್ಕೆ ಹಾಕಿಕೊಂಡಳು. ಹೋಟೆಲಿನವರಿಗೆ ಇದು ನಕಲಿ ಅಂತ ತಿಮ್ಮೇಶನೇ ಹೇಳಿ, ಪಟ್ಟಿಯಿಂದ ಬಿಟ್ಟಿದ್ದ. ಫಿರೋಜಮ್ಮನ ಮನೆಗೆ ಅಂತ ಸುಳ್ಳು ಹೇಳಿ ಮಾಗಡಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವಳಿಗೆ ಬೇಕಾಗಿದ್ದದ್ದು ಒಂದೇ ಮಾತು. ರೇಷ್ಮೆ ಅಲ್ಲದಿದ್ದರೂ ಹೋಗಲಿ, ಹಳೇದಾದರೂ ಹೌದು ಅಂತ ಆ ಮುದುಕ ಅಂದರೆ ಸಾಕು, ಅದನ್ನೇ ನಾಲ್ಕು ಪಟ್ಟು ಮಾಡಿ ಗಂಡನಿಗೆ ಹೇಳುತ್ತೇನೆ ಅಂದುಕೊಂಡಳು.

ಮರಿಯಪ್ಪನಿಗೆ ಎಂಬತ್ತು ದಾಟಿತ್ತು. ಜಗಲಿಯ ಬಿಸಿಲಲ್ಲಿ ಕೂತು ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿದ. ಕಣ್ಣಿಗಿಂತ ಹೆಚ್ಚು ಬೆರಳಲ್ಲೇ ನೋಡುತ್ತಿದ್ದ.

“ಇದು ರೇಷ್ಮೆ ಅಲ್ಲ, ಅಲ್ವಾ ತಾತ?” ಅಂದಳು ಶಿವಲಕ್ಷ್ಮಿ.

ಮುದುಕ ತಲೆ ಎತ್ತಿದ. “ರೇಷ್ಮೆಯಾ? ಸಿನಿಮಾಗೆ ಯಾರಮ್ಮಾ ರೇಷ್ಮೆ ಹೊಲಿಸ್ತಾರೆ? ಮಟಮಟ ಮಧ್ಯಾಹ್ನ ಬಂಡೆ ಮೇಲೆ ನಿಲ್ಲಿಸ್ತಾರೆ, ಕುದುರೆ ಹತ್ತಿಸ್ತಾರೆ, ಬೀಳಿಸ್ತಾರೆ. ಬೆವರಿಗೆ ರೇಷ್ಮೆ ನಾಕು ದಿನ ತಡೀತದಾ? ನಾವು ಹೊಲಿದ ರಾಜರೆಲ್ಲಾ ಆರ್ಟ್ ಸಿಲ್ಕೇ. ಇದು ರೇಷ್ಮೆ ಆಗಿದ್ರೆ ನಾನೇ ಮೋಸ ಅಂತಿದ್ದೆ.”

ಶಿವಲಕ್ಷ್ಮಿ ಹತ್ತಿರ ಸರಿದು ಅಂಗಿಯ ಮೇಲೆ ಬಗ್ಗಿದಳು.

“ನೋಡಿಲ್ಲಿ. ಪಕ್ಕದ ಹೊಲಿಗೆಗೆ ಮೂರು ಬೆರಳು ಬಟ್ಟೆ ಬಿಟ್ಟವ್ರೆ. ಮನೆ ಬಟ್ಟೆಗೆ ಯಾರೂ ಇಷ್ಟು ಬಿಡಲ್ಲ. ನಾಳೆ ಇನ್ನೊಬ್ಬ ದಪ್ಪಗಿರೋ ರಾಜ ಬಂದ್ರೆ ಬಿಚ್ಚಿ ಅಗಲ ಮಾಡಕ್ಕೆ. ಕಂಕುಳಲ್ಲಿ ಬೆವರಿಗೆ ಹತ್ತಿ ಬಟ್ಟೆ ಕೊಟ್ಟವ್ರೆ. ಗುಂಡಿ ಮುಂದಿಲ್ಲ, ಕೊಕ್ಕೆ ಬೆನ್ನಿಗೆ ಐತೆ, ಬಿರ್‍ರನೆ ಹಾಕಿ ಬಿರ್‍ರನೆ ತೆಗೆಯಕ್ಕೆ. ಯಾವ ಪಿಕ್ಚರ್ರು ಅಂತ ನಾನ್ ಹೇಳಲಾರೆ. ಆ ಕಾಲದ್ದು, ಸಿನಿಮಾದ್ದು, ಅದ್ರಲ್ಲಿ ಎರಡು ಮಾತಿಲ್ಲ.” ಬೆರಳು ಎಡತೋಳಿಗೆ ಬಂದು ನಿಂತಿತು. ಎಳೆ ಹೋದ ಕಡೆ ಉದ್ದಕ್ಕೆ ಒಂದು ಗೆರೆ ಬಿದ್ದಿತ್ತು. “ಅರವತ್ತು ವರ್ಸ ಚೆನ್ನಾಗಿದ್ದ ಬಟ್ಟೆ. ಯಾವ ಪಾಪಿ ಎಳೆದಿದ್ದು ಇದನ್ನ?”

“ನಾನೇ ತಾತ” ಅಂದಳು. ಹೇಳಿದ ಮೇಲೆ ಅಳು ತಡೆಯಲಾಗಲಿಲ್ಲ. ಮುದುಕ ಒಳಗೆ ಕೂಗಿ ನೀರು ತರಿಸಿ ಕೊಟ್ಟ.

ವಾಪಸು ಬರುವ ಬಸ್ಸು ಮುಕ್ಕಾಲು ಗಂಟೆ ತಡ. ಅವಳು ಬೀದಿ ತಿರುವಿಗೆ ಬರುವಷ್ಟರಲ್ಲಿ ಮನೆ ಮುಂದೆ ವ್ಯಾನು ನಿಂತಿತ್ತು, ಅರ್ಧ ಸಾಮಾನು ತುಂಬಿಯೂ ಆಗಿತ್ತು. ಗಣೇಶನೂ ಉಳಿದವರೂ ಕೈ ಹಾಕಲು ಬಂದಿದ್ದರು. ತಿಮ್ಮೇಶ ಸ್ಲೈಡುಗಳನ್ನು ಒಂದೊಂದಾಗಿ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದ. ಮಾರಿದ ಮೇಲೂ ಒಡೆಯಬಾರದು ಅಂತ ಅಷ್ಟು ಜೋಪಾನ.

“ಇಳಿಸಿ!” ಅಂತ ಕೂಗಿದಳು. “ಎಲ್ಲಾ ಇಳಿಸಿ! ಒಂದ್ ಸಾಮಾನೂ ಹೋಗಕೂಡ್ದು.”

ಹೋಟೆಲಿನವನು ಅಡ್ವಾನ್ಸ್ ಕೊಟ್ಟಿದ್ದೇನಮ್ಮ ಅಂದ. “ನಿಮ್ ಅಡ್ವಾನ್ಸ್ ಎಲ್ಲೂ ಓಡೋಗಲ್ಲ ಸ್ವಾಮಿ, ಹಿಂದಕ್ಕೆ ಇಸ್ಕೊಳ್ಳಿ” ಅಂದಳು. ಆಮೇಲೆ ಗಣೇಶನ ಕಡೆ ತಿರುಗಿದಳು. “ಅವತ್ತು ನಕ್ಕಿದ್ರಲ್ಲ, ಎಲ್ರೂ ಈಗ ಕೇಳಿಸ್ಕೊಳ್ಳಿ. ತಪ್ಪು ಹೇಳಿದ್ದು ನಾನು. ನಂಗೆ ರೇಷ್ಮೆ ಗೊತ್ತು, ಸಿನಿಮಾ ಗೊತ್ತಿಲ್ಲ. ಇದು ರೇಷ್ಮೆ ಅಲ್ಲ, ಅದಕ್ಕೇ ಇದು ಅಸಲಿ. ಇವ್ರ ಕಣ್ಣು ಸರಿಯಾಗೇ ಐತೆ.”

ತಿಮ್ಮೇಶ ಅವಳನ್ನು ನೋಡಿದ. “ನನ್ ಸಮಾಧಾನಕ್ಕೆ ಸುಳ್ಳು ಹೇಳ್ಬ್ಯಾಡ ಲಕ್ಷ್ಮಿ.”

“ಸುಳ್ಳಾ? ಬನ್ನಿ ಇಲ್ಲಿ.” ಅಲ್ಲೇ ಬೀದಿಯಲ್ಲಿ ಅಂಗಿಯನ್ನು ತಿರುವಿ ಹಿಡಿದು ಮರಿಯಪ್ಪ ತೋರಿಸಿದ್ದನ್ನೆಲ್ಲ ತೋರಿಸಿದಳು. ಮೂರು ಬೆರಳ ಬಟ್ಟೆ, ಕಂಕುಳ ಹತ್ತಿ, ಬೆನ್ನಿನ ಕೊಕ್ಕೆ. ತಿಮ್ಮೇಶ ಹೊಲಿಗೆಯನ್ನು ಬೆರಳಲ್ಲಿ ಅಳೆದ. ಎರಡು ಸಲ ಅಳೆದ. ಮರ ಕಡೆಯುವವನಿಗೆ, ಮುಂದಕ್ಕೆ ಬೇಕಾದೀತು ಅಂತ ಒಂದಿಷ್ಟು ಬಿಟ್ಟು ಕೆಲಸ ಮಾಡುವುದು ಅಂದರೇನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಅವನ ಮುಖ ನಿಧಾನಕ್ಕೆ ಬಿಚ್ಚಿಕೊಂಡಿತು. “ಲೇ ಗಣೇಶ, ಮೊದ್ಲು ಸ್ಲೈಡ್ ಇಳಿಸ್ಲಾ, ಹುಷಾರು” ಅಂದ.

ಎಲ್ಲರೂ ಹೋದ ಮೇಲೆ ಅವನು ರೂಮಿನಲ್ಲಿ ಕೂತು ಒಂದು ದಪ್ಪ ಕಾಗದದ ಚೀಟಿ ಕತ್ತರಿಸಿ ಬರೆಯತೊಡಗಿದ. ಶಿವಲಕ್ಷ್ಮಿ ಹಿಂದೆ ನಿಂತು ಓದಿದಳು. ‘ರಾಜನ ನಿಲುವಂಗಿ. ಗಿಳಿಹಸಿರು ಆರ್ಟ್ ಸಿಲ್ಕ್. ಎಡತೋಳಿನಲ್ಲಿ ಒಂದು ಎಳೆ ಇಲ್ಲ. ಪರೀಕ್ಷೆಗೆ ತೆಗೆದವರು ಶ್ರೀಮತಿ ಶಿವಲಕ್ಷ್ಮಿ, ನನ್ನ ಮನೆಯವರು.’

“ಅದನ್ಯಾಕ್ರೀ ಬರೀತೀರಾ? ಬಂದೋರೆಲ್ಲಾ ಓದಿ ನಗಲ್ವಾ? ನಾನ್ ಹಾಳ್ ಮಾಡಿದ್ದನ್ನ ಊರಿಗೆಲ್ಲಾ ಸಾರ್ಬೇಕಾ?”

“ನಗ್ಲಿ ಬುಡು” ಅಂದ ತಿಮ್ಮೇಶ, ಚೀಟಿಯಿಂದ ತಲೆ ಎತ್ತದೆ. “ಇಷ್ಟು ವರ್ಸದಲ್ಲಿ ನನ್ ಸಾಮಾನಲ್ಲಿ ನೀನು ಕೈಯಾರೆ ಮುಟ್ಟಿ ನೋಡಿದ್ದು ಇದೊಂದೇ ಕಣೆ.”

ಇಪ್ಪತ್ತನಾಲ್ಕು ವರ್ಷ ಒಂದೇ ಸೂರಿನ ಕೆಳಗೆ ಇದ್ದೂ ಇದು ತನಗೆ ಹೊಳೆಯಲಿಲ್ಲವಲ್ಲ ಅಂತ ಶಿವಲಕ್ಷ್ಮಿಗೆ ಬಹಳ ಸಂಕಟವಾಯಿತು. ಕೈಯನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು ಅವನ ಪಕ್ಕ ನೆಲದ ಮೇಲೆ ಕೂತಳು. ಹತ್ತಿರದಲ್ಲಿದ್ದ ಒಂದು ಹಾಡಿನ ಪುಸ್ತಕ ಎತ್ತಿಕೊಂಡಳು.

“ಇದ್ಯಾವ್ದು, ಹೇಳಿ” ಅಂದಳು.

ಅವನು ಹೇಳತೊಡಗಿದ.