ಬಲಗಡೆಯ ಏಳು

ನಾನು ಒಂದು ಕೀಬೋರ್ಡ್. ಕಪ್ಪು ಮೈ, ನೂರ ನಾಲ್ಕು ಗುಂಡಿ. ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದ ಹುಡುಗಿ ಎಲ್ಲ ಗುಂಡಿಗಳನ್ನೂ ಒಮ್ಮೆ ಒತ್ತಿ ನೋಡಿ ಡಬ್ಬಿಗೆ ಹಾಕಿದಳು. ಅಂಕಿಗಳು ನನ್ನಲ್ಲಿ ಎರಡೆರಡು ಇವೆ: ಮೇಲಿನ ಸಾಲಿನಲ್ಲೊಮ್ಮೆ, ಬಲಗಡೆ ಇನ್ನೊಮ್ಮೆ. ಆಗ ಅದೇ ನನಗೆ ಭಾರೀ ಜಂಬ!

ಅರಸೀಕೆರೆ ಸ್ಟೇಷನ್ ರಸ್ತೆಯಲ್ಲಿ ಸೈಬರ್ ಸೆಂಟರ್ ಇಟ್ಟಿದ್ದ ಪರಮೇಶಿ ನನ್ನನ್ನು ಕೊಂಡು ತಂದ. ಕೆಳಗಿನಿಂದ ನೋಡಿದರೆ ಪರಮೇಶಿ ಎಂದರೆ ಒಂದು ಗಡ್ಡ, ಎರಡು ಮೂಗಿನ ಹೊಳ್ಳೆ, ಹತ್ತು ಬೆರಳು. ಕೋಡುಬಳೆ ತಿನ್ನುತ್ತಲೇ ಟೈಪ್ ಮಾಡುತ್ತಿದ್ದ, ಚೂರೆಲ್ಲ ನನ್ನ ಸಂದಿಗೆ. ಕೆಟ್ಟವನಲ್ಲ. ಜನ ಪ್ರಿಂಟ್ ಕಳೆದುಕೊಂಡು ಮತ್ತೆ ಬರುತ್ತಾರೆಂದು ಪ್ರತಿಯೊಬ್ಬರ ಅರ್ಜಿಯನ್ನೂ ಅವರವರ ಆಧಾರ್ ನಂಬರ್ ಹಾಕಿ ಕಂಪ್ಯೂಟರಿನಲ್ಲಿ ಉಳಿಸಿಡುತ್ತಿದ್ದ. ಅದು ಅವನು ಮಾಡುತ್ತಿದ್ದ ಉಪಕಾರ.

ಒಂದು ದಿನ ಜಲಜಾಕ್ಷಿ ಬಂದಳು, ಜೊತೆಗೆ ಹಾಸ್ಟೆಲಿನ ಗೆಳತಿ ನಸ್ರೀನ್. ಜಲಜಾಕ್ಷಿಗೆ ಉಚಿತ ಬೇಕರಿ ತರಬೇತಿಗೆ ಅರ್ಜಿ ಹಾಕಬೇಕಿತ್ತು.

"ಬನ್ನು ಮಾಡೋದು ಕಲಿಯೋಕೂ ಆಧಾರ್ ನಂಬರ್ ಬೇಕೇನಣ್ಣ?"

"ಹಾಕ್ದೆ ಇದ್ರೆ ಮುಂದಕ್ಕೇ ಹೋಗಲ್ಲ ಕಣಮ್ಮ. ಅಲ್ಲಿ ಕೆಂಪು ಚುಕ್ಕೆ ನೋಡು."

"ಕಾರ್ಡ್ ಊರಲ್ಲೇ ಉಳ್ಕೊಂಡಿದೆ. ನಂಬರ್ ಬಾಯಿಗೆ ಬರುತ್ತೆ."

ಅವಳು ಹೇಳಿದಳು, ಪರಮೇಶಿ ಒತ್ತಿದ. ಹನ್ನೆರಡು ಅಂಕಿ. ಐದನೆಯದು ಏಳು. ವಿಳಾಸ ಕೇಳಿದಾಗ ಅವಳ ದನಿ ತಗ್ಗಿತು.

"ಇದು ಯಾರಿಗೂ ಕಾಣ್ಸಲ್ಲ ತಾನೇ?"

"ಕಂಪ್ಯೂಟರ್ ಒಳಗೆ ಹೋದ್ಮೇಲೆ ಯಾರಿಗೆ ಕಾಣ್ಸುತ್ತೆ, ಬಿಡು."

ಅವನು ಪ್ರಿಂಟ್ ತರಲು ಎದ್ದುಹೋದಾಗ ಅವಳ ಎಡಗೈ ನನ್ನ ಪಕ್ಕದಲ್ಲಿತ್ತು. ಹಿಂದೆಂದೋ ಮುರಿದ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. "ಈ ಸಲ ನನ್ ಗಂಡನ ಕೈಗೆ ಸಿಕ್ರೆ ಉಳಿಸಲ್ಲ ಕಣೆ," ಎಂದಳು ನಸ್ರೀನಳಿಗೆ. ಪರಮೇಶಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು.

ಮೂರು ವಾರದ ಮೇಲೆ ಒಬ್ಬ ಗಂಡಸು ಬಂದ. ಇಸ್ತ್ರಿ ಅಂಗಿ, ಮೆತ್ತನೆ ಮಾತು.

"ನಮ್ಮನೆಯವ್ರು ಯಾವ್ದೋ ಅರ್ಜಿ ಹಾಕವ್ರೆ ಸಾರ್, ಪ್ರಿಂಟ್ ಕಳ್ಕೊಂಡವ್ರೆ. ಯಾವ ಸೆಂಟರ್ ಅಂತಾನೂ ನೆನಪಿಲ್ವಂತೆ, ಮರೆಗುಳಿ. ಆಗ್ಲೇ ಎರಡು ಕಡೆ ಕೇಳ್ಕೊಂಡ್ ಬಂದೆ."

ಕಾರ್ಡನ್ನು ನನ್ನ ಎದೆಯ ಮೇಲೇ ಇಟ್ಟ. ಫೋಟೋದಲ್ಲಿ ಜಲಜಾಕ್ಷಿ.

"ಅಯ್ಯೋ ಪಾಪ, ಇಲ್ಲೇ ಇರ್ಬೋದು ನೋಡಣ," ಎಂದ ಪರಮೇಶಿ.

ಕೊಡಬೇಡ ಪರಮೇಶಿ! ನನಗೆ ಅಷ್ಟೊಂದು ಅಕ್ಷರಗಳಿವೆ, ಒಂದು ಬಾಯಿಲ್ಲ. ನಾಲ್ಕು ಅಂಕಿ ಬಿದ್ದವು. ಐದನೆಯದಕ್ಕೆ ಬೆರಳು ಬಂದಾಗ ನಾನು ಏಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ವರ್ಷಗಟ್ಟಲೆಯ ಕೋಡುಬಳೆ ಚೂರೂ ನನ್ನ ಜೊತೆ ನಿಂತಿತು. ಗುಂಡಿ ಕೆಳಗಿಳಿಯಲಿಲ್ಲ. ಪರಮೇಶಿ ಕುಟ್ಟಿದ. ನನ್ನನ್ನು ಬೋರಲು ಹಾಕಿ ಬಡಿದ.

"ನಿಂಗೇನ್ ಬಂತಪ್ಪಾ ರೋಗ?"

ನಾಳೆ ಬನ್ನಿ ಅನ್ನು. ಒಂದೇ ಒಂದು ಸಲ ಅನ್ನು.

ಬೆರಳು ಬಲಕ್ಕೆ ಹೋಯಿತು. ಅಲ್ಲಿ ನನ್ನ ಇನ್ನೊಂದು ಏಳಿತ್ತು. ನಾನು ಅದನ್ನು ಮರೆತೇಬಿಟ್ಟಿದ್ದೆ. ಅದು ಹೊಸದರಂತೆ ಮೆತ್ತಗೆ ಇಳಿಯಿತು. ಅರ್ಜಿ ಬಂತು, ವಿಳಾಸ ಬಂತು, ಪ್ರಿಂಟ್ ಬಂತು. ಅವನು ಥ್ಯಾಂಕ್ಸ್ ಬೇರೆ ಹೇಳಿ ಹೋದ.

ಮರುದಿನ ಬಾಗಿಲು ತೆಗೆಯುವಷ್ಟರಲ್ಲೇ ನಸ್ರೀನ್ ಬಂದಳು.

"ನಮ್ಮ ಹಾಸ್ಟೆಲ್ ಅಡ್ರೆಸ್ ಯಾರಿಗೆ ಕೊಟ್ರಿ ಅಣ್ಣ? ನಿನ್ನೆ ಸಂಜೆ ಗೇಟ್ ಹತ್ರ ನಿಂತಿದ್ದ. ಅವ್ಳು ಹಿಂದಿನ ಗೋಡೆ ಹಾರಿ ಹೋದ್ಳು, ಕಾಲಲ್ಲಿ ಚಪ್ಪಲಿನೂ ಇಲ್ಲ. ಫೋನ್ ಸ್ವಿಚ್ ಆಫ್. ಇಲ್ಲಿ ಬಿಟ್ರೆ ಇನ್ನೆಲ್ಲೂ ಅವ್ಳು ಅಡ್ರೆಸ್ ಬರ್ಸಿರ್ಲಿಲ್ಲ."

"ಗಂಡ ಅಂದ್ರು... ಕಾರ್ಡ್ ಇತ್ತು..."

"ಕಾರ್ಡ್ ಕೈಯಲ್ಲಿದ್ರೆ ಅವ್ನೇ ಅವ್ಳಾಗ್ಬಿಡ್ತಾನಾ?"

ಅಂದು ಪರಮೇಶಿ ಕೋಡುಬಳೆ ಪೊಟ್ಟಣ ಬಿಚ್ಚಲಿಲ್ಲ. ಉಳಿಸಿಟ್ಟಿದ್ದ ಅರ್ಜಿಗಳನ್ನೆಲ್ಲ ಒಂದೊಂದಾಗಿ ಅಳಿಸಿದ. ನನ್ನ ಡಿಲೀಟ್ ಗುಂಡಿ ಅಷ್ಟು ಸಲ ಒತ್ತಿಸಿಕೊಂಡಿದ್ದು ಅದೇ ಮೊದಲು. ಅವಳ ಅರ್ಜಿಯನ್ನೂ ಅಳಿಸಿದ.

ಏಳು ಕೆಟ್ಟಿತೆಂದು ಆಮೇಲೆ ನನ್ನನ್ನು ಅಟ್ಟಕ್ಕೆ ಎಸೆದ. ಪಕ್ಕದಲ್ಲಿ ಒಡೆದ ಮಾನಿಟರ್, ಮೇಲೆ ಜೇಡರ ಬಲೆ. ಕಂಪ್ಯೂಟರಿನಿಂದ ಅವಳ ನಂಬರ್ ಹೋಯಿತು, ನನ್ನಿಂದ ಹೋಗಲಿಲ್ಲ.

ಅವಳು ಈಗ ಯಾವ ಊರಿನಲ್ಲಿದ್ದಾಳೋ. ಬದುಕಬೇಕಲ್ಲ, ಅಲ್ಲೂ ಯಾವುದೋ ಅರ್ಜಿಯ ಮುಂದೆ ಕೂತಿರುತ್ತಾಳೆ. ಮೊದಲ ಕೆಂಪು ಚುಕ್ಕೆ ಅದೇ ಹನ್ನೆರಡು ಅಂಕಿಗಳನ್ನು ಕೇಳುತ್ತಿರುತ್ತದೆ. ಐದನೆಯದು ಏಳು. ಎರಡು ಏಳನ್ನೂ ಹಿಡಿದುಕೋ ಎಂದು ಅಲ್ಲಿನ ಕೀಬೋರ್ಡಿಗೆ ಯಾರು ಹೇಳುತ್ತಾರೆ?